ಚಂದನಳಿಗೆ ಇಪ್ಪತ್ತೇಳು

ಏಪ್ರಿಲ್ 20, 2026, ಸೋಮವಾರ. ಸಂಜೆ ಆರೂವರೆ

ಇವತ್ತು ಇನ್ನೂರ ಹನ್ನೆರಡು ಓಪಿ ಚೀಟಿ. ಸೋಮವಾರ ಎಂದರೆ ಹಾಗೇ. ಭಾನುವಾರವಿಡೀ ಹಲ್ಲು ಕಚ್ಚಿ ತಡೆದುಕೊಂಡ ಕಾಯಿಲೆಗಳೆಲ್ಲ ಬೆಳಿಗ್ಗೆ ಎಂಟಕ್ಕೇ ಕೌಂಟರ್ ಮುಂದೆ ಸಾಲು ನಿಲ್ಲುತ್ತವೆ. ಹೆಸರು? ವಯಸ್ಸು? ಊರು? ಏನು ತೊಂದರೆ? ಮೂರು ವರ್ಷದಿಂದ ಕೋಲಾರದ ಈ ಟ್ರಸ್ಟ್ ಆಸ್ಪತ್ರೆಯಲ್ಲಿ ಕೂತು ಕೇಳುತ್ತಿರುವುದು ಇವೇ ನಾಲ್ಕು ಪ್ರಶ್ನೆ.

ಮಿಕ್ಕ ಮೂರು ಸರಿ. ವಯಸ್ಸು ಮಾತ್ರ ನಮ್ಮ ಕಡೆಯವರ ಬಾಯಿಂದ ನೆಟ್ಟಗೆ ಬರುವುದಿಲ್ಲ. ಮುಳಬಾಗಿಲಿನ ಕಡೆಯ ಅಜ್ಜಿಯೊಬ್ಬರು, "ನೀನೇ ನೋಡ್ಬಿಟ್ಟು ಒಂದು ಹಾಕಮ್ಮ" ಅಂದರು. ಎಪ್ಪತ್ತು ಹಾಕಿದೆ. "ಅಯ್ಯೋ, ಅಷ್ಟೊಂದು ಬ್ಯಾಡ. ಅರವತ್ತೈದು ಮಾಡ್ಕೋ." ಕೊತ್ತಂಬರಿ ಕಟ್ಟಿಗೆ ಚೌಕಾಸಿ ಮಾಡಿದ ಹಾಗೆ. ಮಾಸ್ತಿಯ ತಾತ ಒಬ್ಬರು, ತಾನು ಹುಟ್ಟಿದ ವರ್ಷ ಕೆರೆ ಕೋಡಿ ಹೋಗಿತ್ತು, ಲೆಕ್ಕ ಹಾಕ್ಕೋ ಅಂದರು. ಯಾವ ಕೆರೆ ತಾತಾ ಅಂದೆ. "ನಮ್ಮೂರ್ ಕೆರೆ ಕಣಮ್ಮ, ಇನ್ಯಾವ್ದು!" ನನ್ನನ್ನೇ ದಡ್ಡಿಯ ಹಾಗೆ ನೋಡಿದರು.

ನಗು ಬಂತು. ಹೇಳಿಕೊಳ್ಳೋಣ ಎಂದರೆ ಯಾರಿದ್ದಾರೆ... ಅದಕ್ಕೇ ಈ ಪುಸ್ತಕ. ಗೆರೆ ಸೊಟ್ಟಗೆ ಪ್ರಿಂಟ್ ಆಗಿ ಆಸ್ಪತ್ರೆಯವರು ಬಿಸಾಡಿದ ರಿಜಿಸ್ಟರು. ರೂಮಿಗೆ ಬಂದು ಬಾಗಿಲು ಹಾಕಿಕೊಂಡ ಮೇಲೆ ಬಾಯಿಗೆ ಕೆಲಸವಿಲ್ಲ. ಅಮ್ಮ ಇದ್ದಾಗ ದಿನಾ ಏಳು ಗಂಟೆಗೆ ಫೋನ್ ಬರುತ್ತಿತ್ತು. ಅಪ್ಪನಿಗೆ ಫೋನ್ ಎಂದರೆ ಬೇರೆಯವರು ಮಾಡಿದಾಗ ಎತ್ತುವ ವಸ್ತು. ತಾನಾಗಿ ಒಂದು ಸಲವೂ ಮಾಡಿದವನಲ್ಲ. ಇವತ್ತು ಬಂದದ್ದು ಒಂದೇ ಮೆಸೇಜು, ರೀಚಾರ್ಜ್ ಮುಗಿಯುತ್ತಿದೆ ಎಂದು.

ಏಪ್ರಿಲ್ 23, ಗುರುವಾರ. ಮಧ್ಯಾಹ್ನ, ಊಟದ ಹೊತ್ತು

ಕೌಂಟರ್ ಪಕ್ಕದ ಗೋಡೆಗೆ ಹೊಸ ಪೋಸ್ಟರು. ಗರ್ಭಕಂಠದ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆ. ಟ್ರಸ್ಟಿನಿಂದ ಉಚಿತ. ಹದಿನೈದರಿಂದ ಇಪ್ಪತ್ತಾರು ವರ್ಷದ ಹೆಣ್ಣುಮಕ್ಕಳಿಗೆ. ಮೊದಲ ಡೋಸಿಗೆ ಕೊನೆಯ ದಿನ ಜೂನ್ 30.

ಡಾಕ್ಟರ್ ಶ್ವೇತ ಮೇಡಂ ಸ್ಟಾಫಿನವರನ್ನೆಲ್ಲ ಕೂರಿಸಿಕೊಂಡು ಹೇಳಿದರು. ಅದು ವೈರಸ್ಸಿನಿಂದ ಬರುವ ಕ್ಯಾನ್ಸರ್ ಅಂತೆ. ಗಂಡು ಹೆಣ್ಣಿನ ಸಂಪರ್ಕದಿಂದ ಹರಡುತ್ತದೆ. ತುಂಬಾ ಜನರಿಗೆ ತಗಲುತ್ತದೆ, ಹೆಚ್ಚಿನವರಿಗೆ ತಾನಾಗಿ ಹೋಗುತ್ತದೆ. ಹೋಗದೆ ಉಳಿದುಕೊಂಡವರಲ್ಲಿ ಕೆಲವರಿಗೆ ಎಷ್ಟೋ ವರ್ಷ ಬಿಟ್ಟು ಕ್ಯಾನ್ಸರ್. ತಗಲುವ ಮುಂಚೆ ಲಸಿಕೆ ಹಾಕಿಸಿಕೊಂಡರೆ ಒಳ್ಳೆಯ ರಕ್ಷಣೆ. ಚಿಕ್ಕ ವಯಸ್ಸಿನಲ್ಲಿ, ಒಂಬತ್ತರಿಂದ ಹದಿನಾಲ್ಕರೊಳಗೆ ಹಾಕಿಸಿದರೆ ಇನ್ನೂ ಉತ್ತಮ. ಆಗ ತಪ್ಪಿದವರಿಗೆ ಇಪ್ಪತ್ತಾರರವರೆಗೆ ಮೂರು ಡೋಸು.

ಎಲ್ಲರೂ ಕೇಳಿ ಎದ್ದು ಹೋದರು. ನಾನು ಎದ್ದೇಳಲಿಲ್ಲ. ಅಮ್ಮನಿಗೆ ಬಂದಿದ್ದೂ ಅದೇ.

ಮೆಡಿಕಲ್ ಕೌಂಟರಿನ ಶಿವಕುಮಾರ್, "ಏನ್ ಚಂದನ, ಮದ್ವೆ ಗಿದ್ವೆ ಗೊತ್ತಾಯ್ತಾ, ಇಷ್ಟು ಇಂಟ್ರೆಸ್ಟು?" ಎಂದು ಹಲ್ಲು ಬಿಟ್ಟ. "ಇಲ್ಲ ಕಣೋ, ನಮ್ಮಮ್ಮ ಸತ್ತಿದ್ದು ನೆನಪಾಯ್ತು" ಅಂದೆ. ಪಾಪ, ಮಾತ್ರೆ ಎಣಿಸುತ್ತಿದ್ದವನು ಮೊದಲಿನಿಂದ ಎಣಿಸಿದ. ಇರಲಿ, ಅಷ್ಟಾದರೂ ಆಗಲಿ.

ಏಪ್ರಿಲ್ 24, ಶುಕ್ರವಾರ

ಫಾರಂ ತುಂಬಿದೆ. ಆಧಾರ್ ನೋಡಿ ಹುಟ್ಟಿದ ದಿನ ಬರೆದೆ: 12-03-1999. ಬರೆದ ಮೇಲೆ ತಲೆಗೆ ಹೋಯಿತು. ಇಪ್ಪತ್ತೇಳು ತುಂಬಿ ನಲವತ್ಮೂರು ದಿನ.

ಮೇಡಂ ಹತ್ತಿರ ಹೋದೆ. "ಇಪ್ಪತ್ತೇಳಾದ್ರೆ ಹಾಕ್ಲೇಬಾರ್ದು ಅಂತೇನಿಲ್ಲ ಚಂದನ. ನಲವತ್ತೈದರ ತನಕ ಡಾಕ್ಟರ್ ಜೊತೆ ಮಾತಾಡಿ ಹಾಕಿಸ್ಕೋಬಹುದು. ವಯಸ್ಸಾದಂತೆ ವೈರಸ್ ಆಗ್ಲೇ ತಗಲಿರೋ ಸಾಧ್ಯತೆ ಹೆಚ್ಚು, ಹಾಗಾಗಿ ಪ್ರಯೋಜನ ಕಮ್ಮಿ ಆಗ್ತಾ ಹೋಗುತ್ತೆ, ಅಷ್ಟೇ. ಆದ್ರೆ ಟ್ರಸ್ಟ್ ಕೊಡೋದು ಇಪ್ಪತ್ತಾರರೊಳಗಿನವರಿಗೆ ಮಾತ್ರ." ಹೊರಗೆ ಹಾಕಿಸಿದರೆ ಮೂರು ಡೋಸಿಗೆ ನನ್ನ ಒಂದೂವರೆ ತಿಂಗಳ ಸಂಬಳ.

ನಲವತ್ಮೂರು ದಿನ! ಮಾರ್ಚಿನಲ್ಲಿ ಪೋಸ್ಟರ್ ಅಂಟಿಸಿದ್ದರೆ ಇವರ ಗೋಡೆ ಬಿದ್ದು ಹೋಗುತ್ತಿತ್ತಾ? ಮಾರ್ಚ್ ಹನ್ನೆರಡನೇ ತಾರೀಕು ನನಗೆ ಯಾರೂ ಹ್ಯಾಪಿ ಬರ್ತ್‌ಡೇ ಕೂಡ ಅಂದಿರಲಿಲ್ಲ. ನನಗೇ ಮರೆತಿತ್ತು. ನೆನಪಿಲ್ಲದ ಒಂದು ದಿನ ಸುಮ್ಮನೆ ದಾಟಿ ಹೋಗಿದ್ದಕ್ಕೆ ಇಷ್ಟೊಂದು ದಂಡ.

ಮೇ 3, ಭಾನುವಾರ. ಬೆಳಿಗ್ಗೆ

ರಜೆ. ಬಟ್ಟೆ ಒಗೆದೆ. ಉಪ್ಪಿಟ್ಟು ಮಾಡಿಕೊಂಡೆ, ಇಬ್ಬರಿಗಾಗುವಷ್ಟು ಆಯಿತು. ಒಬ್ಬಳಿಗೆ ರವೆ ಹಾಕುವ ಅಂದಾಜು ಇನ್ನೂ ಬಂದಿಲ್ಲ.

ಅಮ್ಮ ರಕ್ತ ಹೋಗುವುದನ್ನು ಒಂದು ವರ್ಷ ಮುಚ್ಚಿಟ್ಟಳು. ಆಸ್ಪತ್ರೆಯಲ್ಲೇ ಕೆಲಸ ಮಾಡುವ ಮಗಳಿಂದ! ದಿನಾ ಏಳು ಗಂಟೆಗೆ ಫೋನ್ ಮಾಡಿ ಸೊಪ್ಪಿನ ಸಾರು, ರೇಷ್ಮೆ ಹುಳದ ಬೆಳೆ, ಪಕ್ಕದ ಮನೆ ಹಸು, ಎಲ್ಲ ಹೇಳುತ್ತಿದ್ದಳು. ಅದೊಂದು ಬಿಟ್ಟು. ಕೊನೆಗೆ ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಸೇರಿಸುವ ಹೊತ್ತಿಗೆ ಹೊತ್ತು ಮೀರಿತ್ತು. ಭಾರತಮ್ಮ, 48, ಸುಗಟೂರು. ಆ ಚೀಟಿಯನ್ನೂ ನಾನೇ ಬರೆಸಿದ್ದು.

ಒಂದು ವಿಷಯ ಮಾತ್ರ ಇಟ್ಟುಕೊಂಡಿದ್ದೇನೆ. ಹುಟ್ಟಿದಾಗಿನಿಂದ ಮನೆಯಲ್ಲಿ ನಾನು ಪೆಂಟಿ. ತೆಲುಗಿನಲ್ಲಿ ಪೆಂಟ ಎಂದರೆ ತಿಪ್ಪೆ. ಮಣ್ಣಿನಲ್ಲಿ ಹೊರಳಾಡುತ್ತಿದ್ದೆ, ಅದಕ್ಕೆ ಪೆಂಟಿ, ಎಂದು ಹೇಳುತ್ತಿದ್ದರು. ಸ್ಕೂಲಿನಲ್ಲಿ ಹುಡುಗರಿಗೆ ಗೊತ್ತಾಗಿ ಎಷ್ಟು ಅತ್ತಿದ್ದೇನೋ. ಅಮ್ಮನ ಬಾಯಲ್ಲಿ ಚಂದನ ಎನ್ನುವ ಹೆಸರು ಬಂದದ್ದೇ ಇಲ್ಲ. ಕೊನೆಯ ಎರಡು ದಿನ ಮಾತ್ರ, ಕಣ್ಣು ಮುಚ್ಚಿಕೊಂಡೇ, "ಚಂದನಾ... ಚಂದನಾ..." ಎಂದು ಕರೆದಳು. ಇಲ್ಲೇ ಇದ್ದೀನಮ್ಮ ಎಂದು ಕೈ ಹಿಡಿದುಕೊಂಡೆ. ನಕ್ಕಳು. ಅಂತೂ ಅಮ್ಮ ನನ್ನನ್ನು ನನ್ನ ಹೆಸರಿನಿಂದ ಕರೆದಳು. ಬೇಜಾರಾದಾಗ ಅದನ್ನು ನೆನೆಸಿಕೊಳ್ಳುತ್ತೇನೆ.

ಮೇ 10, ಭಾನುವಾರ. ಸಂಜೆ ಐದು, ಶ್ರೀನಿವಾಸಪುರದಿಂದ ಬರುವ ಬಸ್ಸಿನಲ್ಲಿ

ರೂಮಿಗೆ ಹೋಗುವವರೆಗೆ ಕಾಯಲಾಗದೆ ಇಲ್ಲೇ ಬರೆಯುತ್ತಿದ್ದೇನೆ. ಬಸ್ಸಿನ ಕುಲುಕಾಟಕ್ಕೆ ಅಕ್ಷರ ಸೊಟ್ಟ.

ಅತ್ತೆ ಮನೆಗೆ ಹೋಗಿದ್ದೆ. ಆದಿಲಕ್ಷ್ಮಮ್ಮತ್ತೆ, ಅಪ್ಪನ ಅಕ್ಕ. ಉಪ್ಪಿನಕಾಯಿಗೆ ಮಾವಿನಕಾಯಿ ಹೆಚ್ಚುತ್ತಾ ಕೂತಿದ್ದಳು. ನಾನು ವಾಟೆ ತೆಗೆದು ಬಟ್ಟೆಯಲ್ಲಿ ಒರೆಸಿ ಕೊಡುತ್ತಿದ್ದೆ. ಮಾತಿಗೆ ಮಾತು ಬಂದು ಲಸಿಕೆ ವಿಷಯ ಹೇಳಿದೆ. ಇಪ್ಪತ್ತೇಳಾಗಿ ಹೋಯಿತು, ಕೊಡಲ್ವಂತೆ ಅತ್ತೆ, ಅಂದೆ.

ಅತ್ತೆ ಕಾಯಿಯ ಮೇಲಿನ ಕಣ್ಣು ತೆಗೆಯದೆ, "ಇಪ್ಪತ್ತೇಳು ಚಂದನಂಗಲ್ವೇನೇ? ನಿಂಗೆಲ್ಲಿ" ಅಂದಳು.

"ನಾನೇ ಅಲ್ವಾ ಅತ್ತೆ ಚಂದನ?"

ಕತ್ತಿ ನಿಂತಿತು. ಅತ್ತೆಯ ಮುಖ ನೋಡಬೇಕಿತ್ತು. ಮರೆವಿರಬೇಕು, ಎಪ್ಪತ್ತಾಯಿತಲ್ಲ ಎಂದುಕೊಂಡೆ. ಆದರೆ ಅತ್ತೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಅಳಲು ಶುರು ಮಾಡಿದಳು. "ಅಯ್ಯೋ ದೇವುಡಾ, ನನ್ನ ಬಾಯಿಗೆ ಬೆಂಕಿ ಹಾಕ!"

ಬಿಡಲಿಲ್ಲ. ಹೇಳಿಸಿಯೇ ಬಿಟ್ಟೆ.

ನನಗಿಂತ ಮುಂಚೆ ಒಬ್ಬಳಿದ್ದಳು. ಚಂದನ ಅವಳ ಹೆಸರು. ಒಂದೂವರೆ ವರ್ಷಕ್ಕೆ ದಡಾರ ಬಂದು ಹೋದಳು. ಮರುವರ್ಷದ ಶ್ರಾವಣದಲ್ಲಿ ನಾನು. ಒಂದು ಮಗು ಹೋಗಿ ಹುಟ್ಟಿದ್ದು ಉಳಿಯಲಿ ಎಂದು ಮೊರದಲ್ಲಿ ಮಲಗಿಸಿ ತಿಪ್ಪೆಯ ಮೇಲಿಟ್ಟರಂತೆ. ಅತ್ತೆ ಎತ್ತಿಕೊಂಡಳಂತೆ. ಅಮ್ಮ ಒಂದು ಸೇರು ತೌಡು ಕೊಟ್ಟು ಅತ್ತೆಯಿಂದ ನನ್ನನ್ನು ಕೊಂಡುಕೊಂಡಳಂತೆ. ಯಾರಿಗೂ ಬೇಡದ್ದು ಎಂದು ಸಾವು ತಿರುಗಿ ನೋಡದಿರಲಿ ಎಂದು ಪೆಂಟಮ್ಮ ಎಂದು ಕರೆದರು. ಮಣ್ಣಿನಲ್ಲಿ ಹೊರಳಾಡಿದ್ದೆಲ್ಲ ಸುಳ್ಳು.

"ನಿನ್ನ ಎಲ್ಲೂ ಬರೆಸ್ಲಿಲ್ಲ ನನ್ನಮ್ಮ, ನಾ ತಲ್ಲಿ. ಬರೆಸಿದ್ರೆ ಕಣ್ಣಾಗ್ತದೆ ಅಂತ ಭಯ. ಸ್ಕೂಲಿಗೆ ಸೇರ್ಸೋವಾಗ ಮೇಷ್ಟ್ರು ಹುಟ್ಟಿದ ಸರ್ಟಿಫಿಕೇಟು ತಾ ಅಂದ್ರು. ಮನೇಲಿದ್ದಿದ್ದು ಅವಳ್ದೊಂದೇ. ನಿಮ್ಮಪ್ಪ ಅದನ್ನೇ ಎತ್ಕೊಂಡು ಹೋದ."

ಹಾಗಾದರೆ ನನಗೆ ಇಪ್ಪತ್ತನಾಲ್ಕು. ಬರುವ ಶ್ರಾವಣಕ್ಕೆ ಇಪ್ಪತ್ತೈದು.

ಚಿಂತಾಮಣಿ ಕಡೆಯವರೊಬ್ಬರು ಪಕ್ಕದಲ್ಲಿ ಕೂತು ಇಣುಕುತ್ತಿದ್ದಾರೆ. ಸಾಕು.

ಮೇ 11, ಸೋಮವಾರ

ಇವತ್ತು ವಯಸ್ಸಿನ ಪ್ರಶ್ನೆಯನ್ನು ಎಲ್ಲರಿಗೂ ಕೊನೆಯಲ್ಲಿ ಕೇಳಿದೆ.

ಕೋಪ ಬರುತ್ತಿದೆ. ಯಾರ ಮೇಲೆ ಎಂದು ಗೊತ್ತಿಲ್ಲ, ಅದಕ್ಕೇ ಇನ್ನೂ ಜಾಸ್ತಿ. ಕ್ಲಾಸಿನಲ್ಲಿ ಎಲ್ಲರಿಗಿಂತ ಗಿಡ್ಡ ನಾನು. ಬಳಪ ಹಿಡಿಯಲು ಬಾರದು, ಬೆಂಚಿನ ಮೇಲೆ ನಿದ್ದೆ ಹೋಗುತ್ತಿದ್ದೆ. "ಏಳ್ ವರ್ಷದ ಎಮ್ಮೆಗೆ ಅ ಬರೆಯೋಕ್ ಬರಲ್ಲ" ಎಂದು ಮೇಷ್ಟ್ರು ಬೆರಳಿನ ಗಿಣ್ಣಿಗೆ ಹೊಡೆದರು. ಏಳಲ್ಲ ಮೇಷ್ಟ್ರೇ, ಇನ್ನೂ ಐದು ತುಂಬಿರಲಿಲ್ಲ! ನನಗಿಂತ ದೊಡ್ಡವರ ಜೊತೆ ಹತ್ತು ವರ್ಷ ಏದುಸಿರು ಬಿಡುತ್ತಾ ಓಡಿದೆ. ನಾನು ದಡ್ಡಿ ಎಂದು ನಾನೇ ನಂಬಿದ್ದೆ. ಇಷ್ಟು ದಿನ ನಂಬಿದ್ದೆ.

ಈಗ ಎಲ್ಲ ಅರ್ಥವಾಗುತ್ತಿದೆ. ಶ್ರಾವಣದ ಎರಡನೇ ಶನಿವಾರ ಅಮ್ಮ ನನಗೆ ಎಣ್ಣೆ ಒತ್ತಿ ನೀರು ಹಾಕಿ ಒಬ್ಬಟ್ಟು ಮಾಡುತ್ತಿದ್ದಳು. ಹುಟ್ಟಿದ್ದು ಮಾರ್ಚಿನಲ್ಲಿ ಅಲ್ವೇನಮ್ಮ ಎಂದರೆ, "ಇರ್ಲಿ ಬಿಡೇ, ತಿನ್ನು" ಅನ್ನುತ್ತಿದ್ದಳು. ತೋಟದ ಅಂಚಿನ ಹೊಂಗೆ ಮರದ ಕೆಳಗೆ ಒಂದು ಕಲ್ಲಿದೆ. ಅದಕ್ಕೆ ಅರಿಶಿನ ಕುಂಕುಮ ಇಡುತ್ತಿದ್ದಳು. ಮುನೇಶ್ವರ ಎಂದುಕೊಂಡು ನಾನೂ ಕೈ ಮುಗಿದಿದ್ದೇನೆ.

ಆಮೇಲೆ ಆಸ್ಪತ್ರೆಯ ಆ ಎರಡು ದಿನ. ಕರೆದದ್ದು ನನ್ನನ್ನಲ್ಲ. ಇಲ್ಲೇ ಇದ್ದೀನಮ್ಮ ಎಂದು ನಾನು ಹೇಳಿದಾಗ ಅಮ್ಮ ನಕ್ಕದ್ದು ಅವಳಿಗೆ.

ಇದ್ದದ್ದು ಅದೊಂದು. ಅದೂ ಹೋಯಿತು.

ಮೇ 13, ಬುಧವಾರ. ಸಂಜೆ

ಶ್ವೇತ ಮೇಡಂಗೆ ಹೇಳಿದೆ. ನಗುತ್ತಾರೇನೋ ಎಂದು ಹೆದರಿದ್ದೆ. ಪೆನ್ನು ಕೆಳಗಿಟ್ಟು ಪೂರ್ತಿ ಕೇಳಿದರು. ಇಷ್ಟು ಹೊತ್ತು ನನ್ನ ಮುಖ ನೋಡುತ್ತಾ ಯಾರಾದರೂ ಕೇಳಿ ಎಷ್ಟು ದಿನವಾಗಿತ್ತೋ.

"ನಿನ್ನ ಮೈಗೆ ಆಧಾರ್ ಕಾರ್ಡ್ ಓದೋಕೆ ಬರಲ್ಲ ಚಂದನ. ಅದಕ್ಕೆ ಇಪ್ಪತ್ನಾಲ್ಕೇ. ಆದ್ರೆ ಟ್ರಸ್ಟಿನ ಫಾರಂಗೆ ಓದೋಕೆ ಬರುತ್ತಲ್ಲ." ಫಾರಂ ತಿರುಗಿಸಿ ಹಿಂದಿನ ಪುಟ ತೋರಿಸಿದರು. ವಯಸ್ಸಿನ ದಾಖಲೆ ಇಲ್ಲದವರು, ಇದ್ದದ್ದು ತಪ್ಪಾಗಿರುವವರು, ತಂದೆ ಅಥವಾ ತಾಯಿಯನ್ನು ಕರೆತಂದು ಕಾರಣ ಬರೆಸಿ ಸಹಿ ಹಾಕಿಸಬೇಕು.

"ನಾನೇ ಬರೆದುಕೊಟ್ರೆ?"

"ನೀನು ಹುಟ್ಟಿದ್ದನ್ನ ನೀನು ನೋಡಿಲ್ವಲ್ಲಮ್ಮ."

"ಅತ್ತೆ?"

"ಒಪ್ಪಲ್ಲ. ಅಪ್ಪ ಇದ್ದಾರಲ್ಲ, ಕರ್ಕೊಂಡ್ ಬಾ. ಆಧಾರ್ ತಿದ್ದಿಸೋದೆಲ್ಲ ಆಮೇಲೆ, ಅದು ಬೇರೆ ಕಥೆ. ಇದಕ್ಕೆ ಇಷ್ಟು ಸಾಕು. ಜೂನ್ ಮೂವತ್ತರೊಳಗೆ." ಲಸಿಕೆ ಹಾಕಿಸಿಕೊಂಡರೂ ಮೂವತ್ತರ ಮೇಲೆ ತಪಾಸಣೆ ಬಿಡಬಾರದು ಎಂದೂ ಹೇಳಿದರು. ಆಯಿತು ಅಂದೆ. ಆಧಾರಿನ ಮೂವತ್ತೋ ಮೈಯ ಮೂವತ್ತೋ ಎಂದು ಇಬ್ಬರೂ ಕೇಳಲಿಲ್ಲ.

ಮೇ 17, ಭಾನುವಾರ

ಸುಗಟೂರಿಗೆ ಹೋಗಿ ಬಂದೆ. ಬರೆಯಬಾರದು ಎಂದುಕೊಂಡಿದ್ದೆ.

ಅಪ್ಪ ಹುಳದ ಮನೆ ತೊಳೆಯುತ್ತಿದ್ದ. ಮುಂದಿನ ಬೆಳೆಗೆ ತಟ್ಟೆಗಳನ್ನೆಲ್ಲ ಅಂಗಳಕ್ಕೆ ಹಾಕಿ ಬ್ಲೀಚಿಂಗ್ ನೀರಿನಲ್ಲಿ ಉಜ್ಜುತ್ತಿದ್ದ. ನಾನೂ ಒಂದು ಬ್ರಷ್ ತಗೊಂಡು ಕೂತೆ. ಐದಾರು ತಟ್ಟೆ ಉಜ್ಜಿ ಆಯಿತು. ನಮ್ಮಿಬ್ಬರ ನಡುವೆ ಮಾತಾಡುತ್ತಿದ್ದವಳು ಅಮ್ಮ.

"ಅಪ್ಪಾ, ಚಂದನ ಅಂತ ಇನ್ನೊಬ್ಳಿದ್ಲಾ?"

ಬ್ರಷ್ ನಿಂತಿತು. "ಅಕ್ಕ ಹೇಳಿದ್ಲಾ?"

"ಹೂಂ."

ಮತ್ತೆ ಉಜ್ಜಲು ಶುರು ಮಾಡಿದ. ತೊಳೆದ ತಟ್ಟೆಯನ್ನೇ. ನಾನು ಎಲ್ಲ ಹೇಳಿದೆ. ಅಮ್ಮನಿಗೆ ಬಂದದ್ದು ನನಗೆ ಬಾರದ ಹಾಗೆ ಸೂಜಿ ಇದೆ, ಇಪ್ಪತ್ತಾರರೊಳಗೆ ಹಾಕುತ್ತಾರೆ, ನಿಜಕ್ಕೂ ನನಗೆ ಇಪ್ಪತ್ತನಾಲ್ಕು, ನೀನು ಬಂದು ಒಂದು ಹಾಳೆ ಬರೆದುಕೊಡಬೇಕು.

"ಏನಂತ ಬರೀಬೇಕು?"

"ಮೊದಲ್ನೇ ಮಗಳು ತೀರ್ಕೊಂಡ್ಲು ಅಂತ. ಆ ಸರ್ಟಿಫಿಕೇಟು ಅವಳ್ದು ಅಂತ."

"ಆಗಲ್ಲ."

"ಯಾಕಪ್ಪಾ?"

"ಆಗಲ್ಲಾಂದ್ರೆ ಆಗಲ್ಲ." ಎದ್ದು ನಿಂತ. ಆಮೇಲೆ, ನನ್ನ ಕಡೆ ತಿರುಗದೆ, "ಕಾಗದದಾಗಾದ್ರೂ ಇರ್ಲಿ ಬಿಡಮ್ಮ ಅವಳು" ಅಂದ.

"ನಾನೆಲ್ಲಿರ್ಲಿ ಹಂಗಾದ್ರೆ?"

ಕೂಗಿಬಿಟ್ಟೆ. ಪಕ್ಕದ ಮನೆಯ ಮುನಿಶಾಮಿ ಮಾವ ಗೋಡೆಯಾಚೆಯಿಂದ ಇಣುಕಿದ. ಅಪ್ಪ ಬ್ಲೀಚಿಂಗ್ ಬಕೆಟ್ ಎತ್ತಿಕೊಂಡು ಹಿತ್ತಲಿಗೆ ಹೋದ. ಉಣ್ಣದೆ ಬಂದೆ. ಬಸ್ ಸ್ಟಾಪಿಗೆ ಬರುವಾಗ ಹೊಂಗೆ ಮರದ ಕಡೆ ನೋಡಬಾರದು ಎಂದುಕೊಂಡು ನೋಡಿದೆ. ಕಲ್ಲಿನ ಮೇಲೆ ಕುಂಕುಮ ಹೊಸದಾಗಿತ್ತು. ಅಮ್ಮ ಹೋಗಿ ಎರಡು ವರ್ಷವಾಯಿತು. ಇಡುತ್ತಿರುವವನು ಅಪ್ಪ.

ಜೂನ್ 8, ಸೋಮವಾರ. ಸಂಜೆ ಏಳೂಕಾಲು

ಮೂರು ವಾರ ಏನೂ ಬರೆದಿಲ್ಲ. ಬರೆಯಲು ಏನೂ ಇರಲಿಲ್ಲ. ಚೀಟಿ, ರೂಮು, ಅನ್ನ, ಚೀಟಿ. ಒಂದು ಶನಿವಾರ ಕೆಲಸದಿಂದ ಬಂದವಳು ಸೋಮವಾರದವರೆಗೆ ಯಾರೊಂದಿಗೂ ಒಂದು ಮಾತೂ ಆಡಲಿಲ್ಲ. ಸೋಮವಾರ ಮೊದಲ ಪೇಷಂಟಿಗೆ "ಹೆಸರು?" ಎನ್ನುವಾಗ ದನಿ ಹೊರಡದೆ ಕೆಮ್ಮಬೇಕಾಯಿತು.

ಇವತ್ತು ಅತ್ತೆಯ ಫೋನ್. ಉಪ್ಪಿನಕಾಯಿ ಕಳಿಸುತ್ತೇನೆ ಎಂದು ಶುರು ಮಾಡಿ ಸುತ್ತಿ ಬಳಸಿ ಅಲ್ಲಿಗೇ ಬಂದಳು. ಅಪ್ಪ ಒಪ್ಪಲಿಲ್ಲ ಎಂದೆ. ಅಪ್ಪನಿಗೆ ಸತ್ತವಳೇ ಹೆಚ್ಚು, ನಾನು ತೌಡಿಗೆ ಕೊಂಡವಳು ತಾನೇ, ಎಂದೂ ಅಂದೆ. ಅನ್ನಬಾರದಿತ್ತು.

"ಹಂಗನ್ಬೇಡ್ವೇ ನಾ ತಲ್ಲಿ. ನಿಂಗೆ ಗೊತ್ತಿಲ್ಲ. ಅವಳಿಗೆ ಒಂಬತ್ತು ತಿಂಗ್ಳಾದಾಗ ನರ್ಸಮ್ಮ ಬಂದಿದ್ಲು, ದಡಾರದ ಸೂಜಿ ಹಾಕೋಕೆ. ಊರ ಮಕ್ಳೆಲ್ಲ ಹಾಕಿಸ್ಕೊಂಡ್ರು. ಅವತ್ತು ಹುಳ ನಾಲ್ಕನೇ ಜ್ವರ ಎದ್ದಿತ್ತು."

ಹುಳ ಸಾಕುವ ಮನೆಯಲ್ಲಿ ಹುಟ್ಟಿದವಳಿಗೆ ಬಿಡಿಸಿ ಹೇಳಬೇಕಿಲ್ಲ. ರೇಷ್ಮೆ ಹುಳ ಪೊರೆ ಬಿಡಲು ಮಲಗುವುದಕ್ಕೆ ಜ್ವರ ಎನ್ನುತ್ತಾರೆ. ನಾಲ್ಕನೆಯದು ಎದ್ದ ಮೇಲೆ ಒಂದು ವಾರ ಅವಕ್ಕೆ ಹಸಿವೋ ಹಸಿವು. ಸೊಪ್ಪು ಕೊಯ್ದಷ್ಟೂ ಸಾಲದು. ಆ ವಾರ ಮನೆಯವರು ಮದುವೆಗೂ ಹೋಗುವುದಿಲ್ಲ, ಮಣ್ಣಿಗೂ ಹೋಗುವುದಿಲ್ಲ.

"ನಿಮ್ಮಮ್ಮ ಮಗೂನ ಎತ್ಕೊಂಡು ಹೊರ್ಟಿದ್ಲು. ನಿಮ್ಮಪ್ಪನೇ, ಸೊಪ್ಪು ಹಾಕೋರ್ಯಾರು, ಬರೋ ತಿಂಗ್ಳು ಹಾಕ್ಸಿದ್ರಾಯ್ತು ಅಂದ. ಬರೋ ತಿಂಗ್ಳು ಅನ್ನೋದು ಬರ್ಲೇ ಇಲ್ಲ. ಅದ್ನ ಹೆಂಗೆ ಬರೀತಾನೆ ಹೇಳು ಅವನು?"

ಫೋನ್ ಇಟ್ಟ ಮೇಲೆ ಈ ಪುಸ್ತಕ ತೆಗೆದೆ. ನಾನೆಲ್ಲಿರಲಿ ಎಂದು ಕೂಗಿದೆನಲ್ಲ... ಅಪ್ಪನ ಮುಖವನ್ನೂ ನೋಡದೆ.

ಜೂನ್ 21, ಭಾನುವಾರ

ಅಪ್ಪನಿಗೆ ಫೋನ್ ಮಾಡಿದೆ. ಕ್ಷಮಿಸು ಅನ್ನಬೇಕೆಂದುಕೊಂಡಿದ್ದೆ. ಅಂಥ ಮಾತು ನಮ್ಮ ಮನೆಯಲ್ಲಿ ಯಾರೂ ಆಡಿದ್ದಿಲ್ಲ. ಬಾಯಿಗೆ ಬರಲಿಲ್ಲ.

"ಊಟ ಆಯ್ತಾಪ್ಪಾ?"

"ಆಯ್ತು."

"ಹುಳ ಹೆಂಗಿವೆ?"

"ಮೂರನೇ ಜ್ವರ ಎದ್ದವೆ."

"ಸೂಜಿ ಮೂವತ್ತಕ್ಕೆ ಮುಗೀತದೆ. ಸುಮ್ನೆ ಹೇಳ್ದೆ. ನೀನೇನೂ ಬರೀಬೇಡ, ಬಿಡು."

"ಹೂಂ" ಎಂದು ಇಟ್ಟುಬಿಟ್ಟ.

ಲೆಕ್ಕ ಹಾಕಿದೆ. ಇಪ್ಪತ್ತಾರರ ಸುಮಾರಿಗೆ ನಾಲ್ಕನೇ ಜ್ವರ ಏಳುತ್ತವೆ. ಮೂವತ್ತನೇ ತಾರೀಕು ಸರಿಯಾಗಿ ಹಸಿವಿನ ನಟ್ಟನಡುವೆ. ಬರೆಯುವ ಮನಸ್ಸಾದರೂ ಅವತ್ತು ಅಪ್ಪ ಬರುವ ಹಾಗಿಲ್ಲ. ಪರವಾಗಿಲ್ಲ. ಮುಂದೆ ಯಾವಾಗಾದರೂ ನಾನೇ ದುಡ್ಡು ಕೊಟ್ಟು ಹಾಕಿಸಿಕೊಳ್ಳುತ್ತೇನೆ. ಇಪ್ಪತ್ತೇಳರವಳಾಗಿಯೇ.

ಪರವಾಗಿಲ್ಲ ಎಂದು ಬರೆದೆ. ಸುಳ್ಳು. ನನಗೆ ಬೇಕಿತ್ತು. ಸೂಜಿಗಿಂತ ಹೆಚ್ಚಾಗಿ, ನೀನು ಹುಟ್ಟಿದ್ದು ನಾನು ನೋಡಿದ್ದೇನೆ ಎಂದು ಒಬ್ಬರು ಹೇಳಬೇಕಿತ್ತು.

ಜೂನ್ 29, ಸೋಮವಾರ

ಎರಡು ಸಲ ಫೋನ್ ಮಾಡಿದೆ. ಎತ್ತಲಿಲ್ಲ. ಸೊಪ್ಪಿನಲ್ಲಿರುತ್ತಾನೆ.

ಜೂನ್ 30, ಮಂಗಳವಾರ. ಸಂಜೆ ಆರು

ನಿಧಾನವಾಗಿ ಬರೆಯಬೇಕು. ಒಂದೂ ಬಿಡಬಾರದು.

ಹತ್ತೂಮುಕ್ಕಾಲು. ಸಾಲು ಬಾಗಿಲಿನಾಚೆಗೂ ಹೋಗಿತ್ತು. ತಲೆ ತಗ್ಗಿಸಿ ಕೀಬೋರ್ಡ್ ನೋಡುತ್ತಿದ್ದೆ. ಕಿಂಡಿಯಿಂದ ಹಿಪ್ಪುನೇರಳೆ ಸೊಪ್ಪಿನ ವಾಸನೆ ಬಂತು. ತಲೆ ಎತ್ತದೆ, "ಹೆಸರು?" ಅಂದೆ.

ಎತ್ತಿ ನೋಡಿದರೆ ಅಪ್ಪ. ಹೆಗಲ ಮೇಲೆ ಟವೆಲ್, ಬೆರಳೆಲ್ಲ ಸೊಪ್ಪಿನ ಹಸಿರು ಕರೆ. ಎಲ್ಲರ ಹಾಗೆ ಸಾಲಿನಲ್ಲಿ ನಿಂತು ಬಂದಿದ್ದಾನೆ! ನನ್ನ ಅಪ್ಪ ಎಂದು ಸೆಕ್ಯುರಿಟಿಯವನಿಗೆ ಹೇಳಿದ್ದರೆ ಒಳಗೇ ಬಿಡುತ್ತಿದ್ದ. ಹೇಳಿಲ್ಲ.

"ಅಪ್ಪಾ! ಏನಾಯ್ತು? ಹುಷಾರಿಲ್ವಾ?"

"ಚೀಟಿ ಬೇಕಮ್ಮ."

"ಯಾರಿಗೆ?"

"ನನ್ನ ಮಗಳಿಗೆ."

ಹಿಂದಿನವರು ಗೊಣಗತೊಡಗಿದರು. ನನ್ನ ಕೈ ಕೀಬೋರ್ಡ್ ಮೇಲೆ ಹಾಗೇ ಇತ್ತು. "ಹುಳ ಹಸ್ಕೊಂಡಿರ್ತಾವಲ್ಲಪ್ಪ ಇವತ್ತು" ಅಂದೆ. ಬೇರೇನೂ ತೋಚಲಿಲ್ಲ.

"ಮುನಿಶಾಮಿ ನೋಡ್ಕೊಂತಾನೆ. ಎಷ್ಟು ಕಟ್ತವೋ ಅಷ್ಟು ಕಟ್ಲಿ ಗೂಡು. ನೀನು ಬರ್ಕೋ."

"ಹೆಸರು?"

ಅಪ್ಪ ಟವೆಲಿನಿಂದ ಬೆರಳು ಒರೆಸಿಕೊಂಡ. "ಚಂದನ."

"ಯಾವ ಚಂದನ ಅಪ್ಪಾ?"

"ನೀನೇ. ಹೆಸರು ನಿಂದೇ ಕಣಮ್ಮ, ಇಷ್ಟು ವರ್ಷ ಹೊತ್ಕೊಂಡೀಯ. ವಯಸ್ಸು ಮಾತ್ರ ಅವಳ್ದು. ಅದನ್ನ ಅವಳಿಗೆ ಕೊಟ್ಬಿಡು."

"ವಯಸ್ಸು?" ನನ್ನ ದನಿ ನನಗೇ ಕೇಳಿಸಲಿಲ್ಲ.

ಅಪ್ಪ ಯಾರಂತೆಯೂ ಚೌಕಾಸಿ ಮಾಡಲಿಲ್ಲ. ಕೆರೆ ಕೋಡಿ ಅನ್ನಲಿಲ್ಲ. ಸಾಲಿಗೆಲ್ಲ ಕೇಳುವ ಹಾಗೆ ಹೇಳಿದ. "ಇಪ್ಪತ್ನಾಲ್ಕು. ಶ್ರಾವಣದ ಎರಡನೇ ಶನಿವಾರ ಬೆಳಗಿನ ಜಾವ ಹುಟ್ಟಿದ್ಲು. ಬರೋ ಶ್ರಾವಣಕ್ಕೆ ಇಪ್ಪತ್ತೈದು."

ಟೈಪ್ ಮಾಡಿದೆ. 24. ಇಷ್ಟು ವರ್ಷದಲ್ಲಿ ನಾನು ಬರೆದ ವಯಸ್ಸುಗಳಲ್ಲಿ ನನ್ನದು ಇದೇ ಮೊದಲು. ಪ್ರಿಂಟ್ ಆಗಿ ಬರುವಾಗ ಅಳು ತಡೆಯಲಾಗಲಿಲ್ಲ. ಶಿವಕುಮಾರ್ ಓಡಿ ಬಂದು ನನ್ನ ಕುರ್ಚಿಯಲ್ಲಿ ಕೂತ. "ಹೋಗಮ್ಮ ನೀನು, ನಾನ್ ನೋಡ್ಕೊಂತೀನಿ" ಅಂದ. ಅವನ ಮೇಲಿದ್ದ ಸಿಟ್ಟೆಲ್ಲ ಹೋಯಿತು.

ಮೇಡಂ ಮುಂದೆ ಅಪ್ಪ ಜೇಬಿನಿಂದ ಮಡಚಿದ ಹಾಳೆ ತೆಗೆದ. ಮನೆಯಲ್ಲೇ ಬರೆದು ತಂದಿದ್ದ. ಏಳನೇ ಕ್ಲಾಸಿನ ದುಂಡನೆಯ ಅಕ್ಷರ. ಹಾಗೇ ಇಲ್ಲಿ ಇಳಿಸುತ್ತೇನೆ.

"ನನ್ನ ಮೊದಲನೇ ಮಗಳು ಚಂದನ 12-3-1999ರಲ್ಲಿ ಹುಟ್ಟಿ ಒಂದೂವರೆ ವರ್ಷಕ್ಕೆ ತೀರಿಕೊಂಡಳು. ಒಂಬತ್ತನೇ ತಿಂಗಳ ಸೂಜಿಯನ್ನು ನಾನು ಹಾಕಿಸಲಿಲ್ಲ. ಸರ್ಟಿಫಿಕೇಟು ಅವಳದು. ತಮ್ಮ ಬಳಿ ಬಂದಿರುವವಳು ನನ್ನ ಎರಡನೇ ಮಗಳು. ಇವಳಿಗೆ ಸೂಜಿ ಹಾಕಿ. ಇಂತಿ, ಕೋದಂಡರಾಮಪ್ಪ, ಸುಗಟೂರು."

ಮೇಡಂ ಓದಿ ಕನ್ನಡಕ ತೆಗೆದು ಒರೆಸಿಕೊಂಡರು. ಸೂಜಿಯ ವಿಷಯ ಬರೆಯಬೇಕೆಂದು ಯಾರೂ ಕೇಳಿರಲಿಲ್ಲ. ತಾನಾಗಿ ಬರೆದಿದ್ದಾನೆ.

ಎಡಗೈಗೆ ಹಾಕಿದರು. ಚುಚ್ಚುವಾಗ ಅಪ್ಪ ನನ್ನನ್ನು ನೋಡಲಿಲ್ಲ, ಸೂಜಿಯನ್ನೇ ನೋಡುತ್ತಿದ್ದ, ಪೂರ್ತಿ ಒಳಗೆ ಹೋಗಿ ಹೊರಗೆ ಬರುವವರೆಗೂ. ಆಮೇಲೆ ಅರ್ಧ ಗಂಟೆ ಬೆಂಚಿನ ಮೇಲೆ ಕೂರಬೇಕು ಅಂದರು. ಕೂತೆವು. ಮುಂದಿನದ್ದು ಯಾವಾಗ ಎಂದ. ಎರಡು ತಿಂಗಳಿಗೆ, ಆಗಸ್ಟ್ ಕೊನೆಗೆ. ಆಮೇಲೆ ಡಿಸೆಂಬರಿಗೆ. "ಬರ್ತೀನಿ" ಅಂದ. ಬರಬೇಕಾಗಿಲ್ಲಪ್ಪ, ಇನ್ನು ನಾನೇ ಹಾಕಿಸ್ಕೊಂತೀನಿ ಅಂದೆ. "ಬರ್ತೀನಿ ಅಂದ್ನಲ್ಲ." ಒಂದೂಕಾಲಿನ ಬಸ್ಸಿಗೆ ಹೊರಟ. ನಿಲ್ಲಿಸಿಕೊಳ್ಳಬೇಕು ಅನ್ನಿಸಿತು. ಹುಳ ಹಸಿದಿರುತ್ತವೆ.

ಕೈ ಭಾರವಾಗಿದೆ, ಒಳ್ಳೆಯ ನೋವು. ರೂಮು ಎಂದಿನಂತೆಯೇ ಇದೆ. ಒಂದು ಲೋಟ, ಒಂದು ತಟ್ಟೆ. ಆ ಹಾಳೆಯಲ್ಲಿ ನನ್ನ ಹೆಸರಿಲ್ಲ, 'ಇವಳು' ಎಂದಿದೆ. ಸಾಕು ನನಗೆ. ಆಗಸ್ಟಿನಲ್ಲಿ ಊರಿಗೆ ಹೋಗಿ ಹೊಂಗೆ ಮರದ ಕೆಳಗೆ ಕೂತು ಅವಳಿಗೂ ಹೇಳಬೇಕು, ನಿನ್ನ ಇಪ್ಪತ್ತೇಳು ನಿನಗೇ ವಾಪಸ್ಸು ಕಣೇ ಅಕ್ಕ ಎಂದು. ಅಕ್ಕ... ಈ ಮಾತನ್ನು ನಾನು ಯಾರಿಗೂ ಅಂದಿರಲಿಲ್ಲ.

ಏಳು ಗಂಟೆ. ಫೋನ್ ಹೊಡೆದುಕೊಳ್ಳುತ್ತಿದೆ. ಮತ್ತೆ ರೀಚಾರ್ಜಿನವರೇ ಇರಬೇಕು—

ಅಲ್ಲ. ಅಪ್ಪ. ತಾನಾಗಿ ಮಾಡಿ—